ಕೈ ಅಡ್ಡ ಹಿಡಿಯದೆ ಗೆದ್ದ ಊಟ

ಬೇಡ ಎನ್ನುವ ಮಾತಿಗೆ ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಕಿಮ್ಮತ್ತಿಲ್ಲ. ಒಮ್ಮೆ ಬೇಡ ಎಂದರೆ ನಾಚಿಕೆ, ಮತ್ತೊಮ್ಮೆ ಎಂದರೆ ಸಂಕೋಚ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ತುಪ್ಪ ಕೈಮೇಲೆಯೇ ಬೀಳುತ್ತದೆ. ಅದರಲ್ಲೂ ಅಧಿಕ ಮಾಸದಲ್ಲಿ ಮಗಳು-ಅಳಿಯನನ್ನು ಕರೆದು ಹೋಳಿಗೆ ಉಣಿಸುವಾಗ ಅಳಿಯನ ಹೊಟ್ಟೆ ಅವನದಾಗಿ ಉಳಿಯುವುದಿಲ್ಲ. ಅದು ಅತ್ತೆಯ ಮನೆಯ ಮರ್ಯಾದೆ ತುಂಬುವ ಕಣಜ.

ತೊಂಬತ್ತರ ದಶಕದ ಒಂದು ಅಧಿಕ ಮಾಸ. ನಾನು ಅಥಣಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಅತ್ತೆಯ ಊರು ಅಲಖನೂರು. ಕಬ್ಬಿನ ಹೊಲದವರು, ಬೆಲ್ಲಕ್ಕೆ ಬರವಿಲ್ಲ. ಹೊರಡುವ ಮುಂಚೆ ರಕ್ತ ತಪಾಸಣೆ ಮಾಡಿದ ಡಾಕ್ಟರು, "ಸರ, ಸಕ್ಕರಿ ರೋಗ ಬಾಗಿಲಿಗೆ ಬಂದು ನಿಂತೈತ್ರಿ. ಒಳಗ ಕರೀಬ್ಯಾಡ್ರಿ," ಎಂದಿದ್ದರು. ಉಪವಾಸ ಬೇಡ, ರೊಟ್ಟಿ, ಕಾಳು, ಸೊಪ್ಪಿನಿಂದ ಹೊಟ್ಟೆ ತುಂಬಿಸಿಕೊಳ್ಳಿರಿ ಎಂದೂ ಹೇಳಿದರು. ಅವರೇನು, ನನ್ನ ಅತ್ತೆಯ ಪಂಕ್ತಿಯಲ್ಲಿ ಕುಳಿತವರಲ್ಲ. ಹಿಂದೊಮ್ಮೆ ಮೂರನೆಯ ಹೋಳಿಗೆಗೆ ನಾನು ತಾಟು ಸರಿಸಿದಾಗ ಅತ್ತೆ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡು, "ಅಡಿಗಿ ಕೆಟ್ಟಿತ್ತೇನ?" ಎಂದು ಮಗಳನ್ನು ಕೇಳಿದ್ದರಂತೆ. ಈ ಸಲ ನನಗೆ ರೋಗವೂ ಬರಬಾರದು, ಅತ್ತೆಗೆ ಕಣ್ಣೀರೂ ಬರಬಾರದು.

ಮಣೆಯ ಮೇಲೆ ಕುಳಿತವನೇ, "ಅತ್ತಿ, ಮೊದಲ ಬಿಸಿ ರೊಟ್ಟಿ ಕೊಡ್ರಿ. ನಿಮ್ಮಂಥಾ ರೊಟ್ಟಿ ಅಥಣ್ಯಾಗ ಸಿಗೂದಿಲ್ಲ," ಎಂದೆ. ಅಥಣಿಯಲ್ಲಿ ನನಗೆ ರೊಟ್ಟಿ ಬಡಿಯುವ ಹೆಂಡತಿ ಬಾಗಿಲ ಮರೆಯಿಂದ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅತ್ತೆ ಒಲೆಯ ಮುಂದೆ ಕುಳಿತರು. ರೊಟ್ಟಿ ಬಂತು, ಹಿಂದೆಯೇ ಮಡಕೆಕಾಳಿನ ಪಲ್ಯ, ಎಣಗಾಯಿ, ಮೆಂತ್ಯಸೊಪ್ಪಿನ ಪಚಡಿ, ಶೇಂಗಾ ಹಿಂಡಿ, ಮೊಸರು. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಹಾಕಿಸಿಕೊಂಡು, ನಿಧಾನವಾಗಿ ಅಗಿದು, ಒಂದೊಂದನ್ನೂ ಹೊಗಳಿದೆ. ಹೊಗಳುವ ಬಾಯಿ ಹೆಚ್ಚು ಉಣ್ಣಲಾರದು ಎಂಬುದು ಅಂದು ನಾನು ಕಂಡುಕೊಂಡ ಸತ್ಯ.

ಹೋಳಿಗೆ ಬರುವಷ್ಟರಲ್ಲಿ ಹೊಟ್ಟೆ ತುಂಬಿತ್ತು, ಭಾರವಾಗಿರಲಿಲ್ಲ. ಒಂದನ್ನು ಪ್ರೀತಿಯಿಂದಲೇ ತಿಂದೆ. ಮೈದುನ ಬುಟ್ಟಿ ಹಿಡಿದು ಬೆನ್ನ ಹಿಂದೆ ನಿಂತಿದ್ದ. "ಮಾಮಾ, ಅಧಿಕ ಮಾಸದಾಗ ಅಳಿಯ ತಪ್ಪಿಸ್ಕೊಂಡಿದ್ದು ನಿಮ್ಮ ಯಾವ ಇತಿಹಾಸದಾಗೂ ಇಲ್ರಿ," ಎಂದು ಇನ್ನೊಂದನ್ನು ಎತ್ತಿದ. ಆಗ ಒಳಗಿನಿಂದ ಅತ್ತೆಯ ದನಿ: "ಬಿಡಲೇ, ಎಷ್ಟ ಕಾಡ್ತಿ. ಅವರು ರೊಟ್ಟಿ ಉಂಡಿದ್ದು ನೋಡಿಲ್ಲೇನ? ಹೊಟ್ಟಿ ತುಂಬೇತಿ ಅವರದು."

ಅತ್ತೆಯ ಬಾಯಿಂದ ಆ ಮಾತು ಕೇಳಿದ ಅಳಿಯ ಆ ಊರಿಗೆ ನಾನೇ ಮೊದಲಿಗನಿರಬೇಕು. ಉಂಡ ಅಳಿಯಂದಿರು ಗೋಡೆ ಹಿಡಿದು ಏಳುವ ಆ ಪಡಸಾಲೆಯಿಂದ ನೆಟ್ಟಗೆ ಎದ್ದು, ಕಬ್ಬಿನ ಹೊಲದ ತನಕ ಗತ್ತಿನಿಂದ ನಡೆದುಬಂದೆ.

ತಿಂದದ್ದು ಒಂದೇ ಹೋಳಿಗೆ ಎಂದು ನನ್ನ ನೆನಪು, ಎರಡು ಎಂದು ಹೆಂಡತಿಯ ನೆನಪು. ಗೆದ್ದವರು ಬರೆದ ಇತಿಹಾಸವನ್ನು ಪೂರ್ತಿ ನಂಬಬಾರದೆಂದು ಹುಡುಗರಿಗೆ ಕಲಿಸುವವನು ನಾನೇ ಆದ್ದರಿಂದ ವಾದಕ್ಕಿಳಿಯುವುದಿಲ್ಲ. ಅತ್ತೆ ಮಾತ್ರ, ತಮ್ಮ ರೊಟ್ಟಿಯೆಂದರೆ ಅಳಿಯನಿಗೆ ಪ್ರಾಣ ಎಂದು ಊರ ತುಂಬ ಹೇಳಿಕೊಂಡು ಬಂದರು.

ಮುಂದಿನ ಸಲ ಹೋದಾಗಲೂ ಮೈದುನ ಬುಟ್ಟಿ ಹಿಡಿದು ಬೆನ್ನ ಹಿಂದೆ ನಿಂತಿದ್ದ. ಬುಟ್ಟಿಯ ತುಂಬ ರೊಟ್ಟಿ, ಪಕ್ಕದಲ್ಲಿ ಅತ್ತೆಯ ಕೈಯಲ್ಲಿ ಬೆಣ್ಣೆಯ ಬಟ್ಟಲು. ನಾನು ಕೈ ಅಡ್ಡ ಹಿಡಿದೆ. ಬೆಣ್ಣೆ ಕೈಮೇಲೆಯೇ ಬಿತ್ತು.