ಒಂದೇ ಸಲ ಕೇಳಿದವಳು

ನಮ್ಮಮ್ಮ ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಲೆಂದು ಪಕ್ಕದ ಮನೆಗೆ ಹೋದರೆ ಅರ್ಧ ಗಂಟೆ ವಾಪಸು ಬರುತ್ತಿರಲಿಲ್ಲ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವಳು. ಜಗಲಿ ಮೇಲೆ ಕೂತು ಅವರ ಹಸು ಎಷ್ಟು ಹಾಲು ಕೊಡುತ್ತಿದೆ, ಹಿಪ್ಪುನೇರಳೆ ತೋಟಕ್ಕೆ ನೀರು ಸಾಲುತ್ತಿದೆಯೇ, ಮಗಳು ಬಾಣಂತನಕ್ಕೆ ಯಾವಾಗ ಬರುತ್ತಾಳೆ, ಎಲ್ಲವನ್ನೂ ವಿಚಾರಿಸುವಳು. ಆ ಮನೆಯವರು "ಏನ್ ಬಂದೆ?" ಎಂದರೆ, "ಏನಿಲ್ಲ ಕಣವ್ವ, ಸುಮ್ಕೆ ಬಂದೆ" ಎನ್ನುವಳು. ಕೊನೆಗೆ ಎದ್ದು ಹೊಸ್ತಿಲು ದಾಟುವಾಗ, ಆಗ ತಾನೇ ನೆನಪಾದವಳಂತೆ, "ಒಸಿ ಮೊಸರಿದ್ರೆ ಕೊಡವ್ವ" ಎನ್ನುವಳು. ಸೆರಗಿನೊಳಗೆ ಬಟ್ಟಲಿರುವುದು ಇಬ್ಬರಿಗೂ ಮೊದಲಿನಿಂದ ಗೊತ್ತು. ಸಾತನೂರು ಕಡೆಯ ಆ ಬೀದಿಯಲ್ಲಿ ಬೆಳೆದ ನನಗೆ, ಕೇಳುವುದು ಎಂದರೆ ಹೀಗೇ ಎಂದಾಗಿಬಿಟ್ಟಿತ್ತು.

ಅದನ್ನೇ ಹೊತ್ತುಕೊಂಡು ನಾನು ಹಾರೋಹಳ್ಳಿಯ ಕಾರ್ಖಾನೆಗೆ ಬಂದೆ. ಪ್ಲಾಸ್ಟಿಕ್ ಮುಚ್ಚಳ ಮಾಡುವ ಜಾಗ. ನಾನು ಲೈನ್ ಸೂಪರ್‌ವೈಸರ್. ಅಚ್ಚಿನ ಮಷೀನುಗಳ ಮುಂದೆ ಹೆಂಗಸರು ಎಂಟು ಗಂಟೆ ನಿಂತೇ ಇರಬೇಕು. ಸೆಖೆಗೆ ಬೆನ್ನಿನ ಮೇಲೆ ಬಟ್ಟೆ ಅಂಟಿಕೊಳ್ಳುತ್ತದೆ. ಆಚೆ ಬದಿಯಲ್ಲಿ ಪ್ಯಾಕಿಂಗ್ ಮೇಜು, ಅದರ ಸುತ್ತ ಆರು ಸ್ಟೂಲು. ಕೂತು ಮಾಡುವ ಕೆಲಸ ಇಡೀ ಶೆಡ್ಡಿನಲ್ಲಿ ಅದೊಂದೇ. ಎಲ್ಲರ ಕಣ್ಣೂ ಅದರ ಮೇಲೆ.

ಸ್ಟೂಲು ಕೇಳಿ ಬಂದವರಿಗೆ ಮೊದಲ ಸಲ ನಾನು ಹೇಳುತ್ತಿದ್ದುದು ಇಷ್ಟೇ, "ನೋಡಾನ ಬುಡು." ಎರಡನೇ ಸಲ ಬಂದರೆ ಮ್ಯಾನೇಜರನ್ನು ಕೇಳಬೇಕು ಎನ್ನುವೆ. ಮೂರನೇ ಸಲ ಬಂದಾಗ ಅವರ ಕೈಯಲ್ಲಿ ಒಂದು ಚೀಲ ಅವರೆಕಾಯಿ, ಕಣ್ಣಲ್ಲಿ ಒಂದಿಷ್ಟು ನೀರು ಇರುತ್ತದೆ. ಆಗ ಇವಳ ಕಷ್ಟ ನಿಜ ಎಂದು ನನಗೆ ಖಾತ್ರಿಯಾಗುತ್ತದೆ. ಅವರೆಕಾಯಿಯ ಆಸೆಯಿಂದ ಹೀಗೆ ಮಾಡುತ್ತಿರಲಿಲ್ಲ, ನಂಬಿ. ನಿಜವಾಗಿ ಬೇಕಾದವರು ಮತ್ತೆ ಬಂದೇ ಬರುತ್ತಾರೆ ಎಂಬುದು ನನ್ನ ಲೆಕ್ಕ. ಕನಕಪುರದವರಿಗಾಗಲಿ ಮಾಗಡಿಯವರಿಗಾಗಲಿ ಇದನ್ನು ಬಿಡಿಸಿ ಹೇಳುವ ಅಗತ್ಯ ಒಂದು ದಿನವೂ ಬಿದ್ದಿರಲಿಲ್ಲ.

ಮಷೀನಿನ ಮುಂದೆ ನಿಲ್ಲುವವರಲ್ಲಿ ಒಬ್ಬಳು ಒಡಿಶಾದವಳು. ಗಂಡ ಅಲ್ಲೇ ಎದುರಿನ ಗೋಡೌನಿನಲ್ಲಿ ಲೋಡಿಂಗ್ ಮಾಡುತ್ತಿದ್ದ. ಎರಡು ವರ್ಷದಲ್ಲಿ ಕನ್ನಡ ಕಲಿತಿದ್ದಳು, ಅದೂ ನಮ್ಮ ಶೆಡ್ಡಿನಲ್ಲೇ. ನಾವು ಅವಳೊಂದಿಗೆ ಎಂಥ ಕನ್ನಡ ಆಡಿದ್ದೆವು? ತಗೋ, ಇಡು, ನಡಿ, ಬೇಗ ಮಾಡು. ಎರಡು ವರ್ಷ ಅವಳ ಕಿವಿಗೆ ಬಿದ್ದದ್ದು ಅಷ್ಟೇ. ಅವಳ ಬಾಯಿಂದ ಬಂದದ್ದೂ ಅದೇ.

ಒಂದು ದಿನ ಬೆಳಗಿನ ಟೀ ಹೊತ್ತಿನಲ್ಲಿ ನೆಟ್ಟಗೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಊಟ ಆಯಿತಾ ಇಲ್ಲ, ಚೆನ್ನಾಗಿದ್ದೀರಾ ಇಲ್ಲ.

"ಮೇಡಂ, ಹೊಟ್ಟೆಯಲ್ಲಿ ಮಗು ಇದೆ. ನಾಲ್ಕು ತಿಂಗಳು. ನನ್ನನ್ನು ಪ್ಯಾಕಿಂಗ್‌ಗೆ ಹಾಕು."

ನನಗೆ ಸಿಟ್ಟು ಬಂತು. ಬಂದದ್ದನ್ನು ಬಂದಿತು ಎಂದೇ ಬರೆಯುತ್ತೇನೆ. ಇವಳೇನು ನನಗೆ ಆರ್ಡರ್ ಮಾಡುತ್ತಾಳಲ್ಲ ಎನಿಸಿತು. ಸುತ್ತಲಿದ್ದವರು ನನ್ನ ಮುಖ ನೋಡಿದರು. "ನೋಡಾನ ಬುಡು, ಹೋಗು" ಎಂದೆ. ಅವಳು ತಲೆಯಾಡಿಸಿ ಹೋಗಿ ಮಷೀನಿನ ಮುಂದೆ ನಿಂತಳು.

ಆ ವಾರವೇ ಒಂದು ಸ್ಟೂಲು ಖಾಲಿಯಾಯಿತು. ನಾನು ಕಾದೆ. ದೇವರಾಣೆ ಕಾದೆ. ಅವಳು ನನ್ನ ಮುಂದೆಯೇ ದಿನಕ್ಕೆ ಹತ್ತು ಸಲ ಓಡಾಡಿದಳು, ಮುಚ್ಚಳದ ಕ್ರೇಟು ಎತ್ತಿದಳು, ನೀರು ಕುಡಿದಳು. ಸ್ಟೂಲಿನ ಸುದ್ದಿ ಎತ್ತಲಿಲ್ಲ. ಅಷ್ಟರಲ್ಲಿ ಮಾಗಡಿ ಹತ್ತಿರದ ಕಲ್ಯದ ಕಡೆಯ ಹೆಂಗಸೊಬ್ಬಳು ಮಂಡಿ ನೋವೆಂದು ಬಂದಳು. ಪದ್ಧತಿಯಂತೆ ಮೂರು ಸಲ ಬಂದಳು. ಮೂರನೇ ಸಲ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನೀನೇ ಕಾಪಾಡ್ಬೇಕು ಕಣಕ್ಕ" ಎಂದಳು. ಸ್ಟೂಲು ಅವಳಿಗೆ ಕೊಟ್ಟೆ. ಕೊಡುವಾಗ ಒಡಿಶಾದವಳ ನೆನಪು ಬರದೇ ಇರಲಿಲ್ಲ. ಅಷ್ಟೊಂದು ಬೇಕಿದ್ದರೆ ಮತ್ತೆ ಕೇಳುತ್ತಿದ್ದಳಲ್ಲ ಅಂದುಕೊಂಡೆ.

ಅದಾಗಿ ಹನ್ನೆರಡನೇ ದಿನ ಮಧ್ಯಾಹ್ನ ಅವಳು ಮಷೀನಿನ ಕಂಬಿ ಹಿಡಿದುಕೊಂಡು ಹಾಗೇ ಕೆಳಗೆ ಕುಸಿದಳು. ಕಾಲ ಕೆಳಗೆ ಸಿಮೆಂಟಿನ ಮೇಲೆ ರಕ್ತ. ಕಂಪನಿಯ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗು ಉಳಿಯಲಿಲ್ಲ. ನಿಂತು ಕೆಲಸ ಮಾಡಿದ್ದರಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲವಂತೆ. ಶೆಡ್ಡಿನ ಹೆಂಗಸರು ಆ ಮಾತನ್ನು ನನಗೆ ಎರಡೆರಡು ಸಲ ಬಂದು ಹೇಳಿದರು. ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಆಗಲಿಲ್ಲ.

ಮುಂದಿನ ಭಾನುವಾರ ಅವಳ ರೂಮಿಗೆ ಹೋದೆ. ಸಾಲುಮನೆಗಳ ಕೊನೆಯ ಕೋಣೆ. ಗಂಡ ಸಾಮಾನು ತರಲು ಹೋಗಿದ್ದ. ಅವಳು ಚಾಪೆ ಹಾಸಿದಳು. ತಪ್ಪಾಯಿತು, ಕ್ಷಮಿಸು ಎಂದು ಕೇಳಲು ಹೋದವಳು ನಾನು. ಆದರೆ ನಮ್ಮಮ್ಮನ ಮಗಳಲ್ಲವೇ? ಬಾಡಿಗೆ ಎಷ್ಟು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತೆ, ಬಿಸಿಲು ಜಾಸ್ತಿಯಾಯಿತು, ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ ಎಂದೆಲ್ಲ ಮಾತಾಡಿದೆ. ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟಳು. ಯಾಕೆ ಬಂದೆ ಎಂದು ಕೇಳಲಿಲ್ಲ. ಆ ಪ್ರಶ್ನೆಗಾಗಿ ನಾನು ಕಾಯುತ್ತಾ ಕೂತಿದ್ದೆ.

ಎದ್ದು ಲೋಟಕ್ಕೆ ನೀರು ತುಂಬಿ, "ನೀರು ಬೇಕಾ ಮೇಡಂ?" ಎಂದಳು.

ಕನಕಪುರದ ಮನೆಯಿಂದ ಬಿಸಿಲಲ್ಲಿ ಬಂದಿದ್ದೆ, ಗಂಟಲು ಒಣಗಿತ್ತು. "ಅಯ್ಯೋ, ಬ್ಯಾಡ ಬುಡವ್ವ" ಎಂದೆ. ನಮ್ಮಲ್ಲಿ ಮೊದಲು ಬೇಡ ಎನ್ನುತ್ತೇವೆ. ಮನೆಯವರು ಬಲವಂತ ಮಾಡುತ್ತಾರೆ, ಆಮೇಲೆ ಕುಡಿಯುತ್ತೇವೆ. ಅವಳು ತುಂಬಿದ ಲೋಟವನ್ನು ಹಾಗೇ ಒಲೆಯ ಪಕ್ಕ ಇಟ್ಟು ಬಂದು ಕೂತಳು. ನಾನು ಆ ಲೋಟವನ್ನೇ ನೋಡುತ್ತಿದ್ದೆ.

ತಡೆಯಲಾರದೆ ಕೇಳಿಬಿಟ್ಟೆ, "ನೀನು ಇನ್ನೊಂದ್ ಸಲ ಯಾಕ್ ಬಂದು ಕೇಳ್ಲಿಲ್ಲ? ಕೇಳಿದ್ರೆ ಕೊಡ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

"ನಮ್ಮ ಮನೆಯಲ್ಲಿ ದೊಡ್ಡವರಿಗೆ ಒಂದು ಸಲ ಹೇಳುವುದು. ಎರಡು ಸಲ ಹೇಳಿದರೆ ಅವರ ಮೇಲೆ ನಂಬಿಕೆ ಇಲ್ಲ ಅಂತ. ನೀನು ನೋಡಾನ ಅಂದೆ. ನೀನು ನೋಡುತ್ತೀ ಅಂತ ನಾನು ನಿಂತಿದ್ದೆ."

ಅಷ್ಟು ದಿನವೂ ಅವಳು ನನ್ನನ್ನು ನಂಬಿಕೊಂಡು ನಿಂತಿದ್ದಳು. ಆಗಲೇ ಕಾಲು ಹಿಡಿಯಬೇಕಿತ್ತು. ನಾನು ಮಾಡಿದ್ದೇನು? ಹೊತ್ತಾಯಿತು ಎಂದು ಎದ್ದೆ. "ಬತ್ತೀನಿ ಕಣವ್ವ" ಎಂದೆ. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದೆ. ಅಮ್ಮ ಮೊಸರು ಕೇಳುತ್ತಿದ್ದ ಜಾಗ ಅದು. ಹೇಳಬೇಕಾದ್ದೆಲ್ಲ ಬಾಯಿಗೆ ಬಂತು. ತಿರುಗಿದೆ.

ಬಾಗಿಲು ಮುಚ್ಚಿತ್ತು. ಬರುತ್ತೇನೆ ಎಂದವಳು ಹೊರಟಳೆಂದೇ ಅವಳು ತಿಳಿದಿದ್ದಳು. ಒಳಗೆ ಅವಳು ಲೋಟದ ನೀರನ್ನು ಮತ್ತೆ ಬಿಂದಿಗೆಗೆ ಸುರಿದ ಸದ್ದು ಕೇಳಿಸಿತು. ಒಂದು ಸಲ ಬಾಗಿಲು ತಟ್ಟಿದ್ದರೆ ಸಾಕಿತ್ತು. ನಾನು ತಟ್ಟಲಿಲ್ಲ. ಮುಂದಿನ ವಾರ ಬಂದು ಹೇಳಿದರಾಯಿತು ಎಂದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಮುಂದಿನ ಭಾನುವಾರ ಹೋದಾಗ ಆ ಕೋಣೆಗೆ ಓನರು ಸುಣ್ಣ ಹೊಡೆಸುತ್ತಿದ್ದ. ಗಂಡ ಹೆಂಡತಿ ಬುಧವಾರವೇ ರೈಲು ಹತ್ತಿದರಂತೆ.