ಯಲ್ಲಾಪುರದಲ್ಲಿ ಬೀಳದ ಹನ್ನೆರಡು ಮಂದಿ

ತೊಂಬತ್ತೆಂಟರ ಏಪ್ರಿಲ್‌ನಲ್ಲಿ, ಬೆಳಗಿನ ಬಸ್ಸಿಗೆ, ನೆಪೋಲಿಯನ್ನನ ಸೈನ್ಯವನ್ನು ಕಂಕುಳಲ್ಲಿಟ್ಟುಕೊಂಡು ಸಿದ್ದಾಪುರದಿಂದ ಹೊರಟೆ. ಒಂದು ಪೆಟ್ಟಿಗೆಯಲ್ಲಿ ಹೆಬ್ಬೆರಳುದ್ದದ ಅರವತ್ತು ಮರದ ಸೈನಿಕರು. ಕೆತ್ತಿದ್ದೂ ನಾನೇ, ನೀಲಿ ಬಳಿದದ್ದೂ ನಾನೇ. ಅಂಗಡಿಯ ಅಂಟು ನಿಲ್ಲದೆ, ಹಿರಿಯರ ಕ್ರಮದಂತೆ ಹಲಸಿನ ಮೇಣದಿಂದ ಅವರನ್ನು ಹಲಗೆ ಚೂರುಗಳ ಮೇಲೆ ನಿಲ್ಲಿಸಿದ್ದೆ.

ಯಲ್ಲಾಪುರದ ಗೆಳೆಯ ಶ್ರೀಪಾದನದು ಇಂಗ್ಲಿಷರ ಕೆಂಪು ಸೈನ್ಯ. ವರ್ಷಕ್ಕೊಮ್ಮೆ ಅವನ ಮನೆಯ ಮೇಜಿನ ಮೇಲೆ ದಾಳ ಎಸೆದು ಯುದ್ಧವಾಡುತ್ತಿದ್ದೆವು, ದಾಳ ಬಿದ್ದಷ್ಟು ಎದುರಾಳಿಗಳು ಸತ್ತಂತೆ. ಮೂರು ವರ್ಷ ಸತತವಾಗಿ ಸೋತಿದ್ದೆ. ಈ ಸಲದ ಕರಾರು ಇಷ್ಟು: ನಾನು ಸಂಜೆ ಐದೂವರೆಯ ಬಸ್ಸಿಗೆ ಹೊರಡುವಾಗ ಮೇಜಿನ ಮೇಲೆ ನನ್ನವನೊಬ್ಬನಾದರೂ ನಿಂತಿರಬೇಕು, ಇಲ್ಲದಿದ್ದರೆ ಸೈನ್ಯ ಅವನದು. “ನಲವತ್ತು ದಾಟಿದವರ ಮಕ್ಕಳಾಟ” ಎಂದು ಊರು ನಗುತ್ತಿತ್ತು. ನಗಲಿ.

ಶಿರಸಿಯಲ್ಲಿ ಬಸ್ಸು ಬದಲಿಸಿದೆ. ಮುಂದೆ ಸುಮಾರು ಐವತ್ತು ಕಿಲೋಮೀಟರ್, ಹದಿನೆಂಟು ರೂಪಾಯಿ. ಕಂಡಕ್ಟರ್ ಹಾವೇರಿ ಕಡೆಯವರು.

“ಪೆಟ್ಟಿಗ್ಯಾಗ ಏನೈತ್ರೀ?”

“ನೆಪೋಲಿಯನ್ನನ ಸೈನ್ಯ.”

“ಹಂಗಾರ ಅಷ್ಟೂ ಮಂದಿಗೆ ಟಿಕೆಟ್ ತಗೋರಿ!” ಎಂದು ನಕ್ಕು, ತುಳಿತಕ್ಕೆ ಸಿಗದಿರಲೆಂದು ಪೆಟ್ಟಿಗೆಯನ್ನು ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲಿಟ್ಟರು. ನಾನೂ ನಿಶ್ಚಿಂತನಾಗಿ ನಿದ್ದೆ ಹೊಡೆದೆ. ಮಂಚಿಕೇರಿಯಲ್ಲಿ ಇಳಿದು ಚಹಾ ಕುಡಿಯುವಾಗಲೂ ಬಿಸಿ ತಾಗಿದರೆ ಮೇಣ ಕರಗುತ್ತದೆಂಬುದು ತಲೆಗೆ ಹೊಳೆಯಲಿಲ್ಲ.

ಶ್ರೀಪಾದನ ಮನೆಯಲ್ಲಿ ಪೆಟ್ಟಿಗೆ ತೆರೆದರೆ ಮೇಣವೆಲ್ಲ ಕರಗಿತ್ತು. ನಲವತ್ತೆಂಟು ಮಂದಿ ಹಲಗೆ ಕಳಚಿ ಬಿದ್ದಿದ್ದರು. ಮೂಲೆಯಲ್ಲಿದ್ದ, ನೆಪೋಲಿಯನ್ನನ ಖಾಸಾ ಕಾವಲುಪಡೆಯ ಹನ್ನೆರಡು ಮಂದಿ ಮಾತ್ರ ಬೆನ್ನಿಗೆ ಬೆನ್ನು ಅಂಟಿಕೊಂಡು, ಒಂದೇ ಮುದ್ದೆಯಾಗಿ ನಿಂತಿದ್ದರು.

ಆಟ ಶುರುವಾಗುವಾಗ ನಿಲ್ಲಲಾರದವನು ಸತ್ತಂತೆ ಎಂಬುದು ನಮ್ಮದೇ ನಿಯಮ.

“ಸೋತೆ ಹೇಳಿ ಒಪ್ಕ ಮಾರಾಯ. ಊಟ ಮಾಡಿ ಮಲಗು” ಎಂದ ಶ್ರೀಪಾದ.

“ಆನು ಒಪ್ಪದಿಲ್ಲೆ. ಹನ್ನೆರಡು ಜನ ಇದ್ದ.”

ಅವನ ತಾಯಿ ಕೊಬ್ಬರಿ ಎಣ್ಣೆ ತಂದರು. “ಎಣ್ಣೆ ಹಚ್ಚಿರೆ ಮೇಣ ಬಿಡ್ತು, ತಮಾ.”

“ಬೇಡ ಆಯಿ. ಅವು ಹಾಂಗೇ ಇರ್ಲಿ.”

ಮಾವಿನಕಾಯಿ ಅಪ್ಪೆಹುಳಿ ಉಂಡು ಆಟಕ್ಕೆ ಕೂತೆವು. ಶ್ರೀಪಾದ ಕುದುರೆಪಡೆ ನುಗ್ಗಿಸಿ ಎರಡು ದಾಳ ಎಸೆದ, ಐದು ಬಿತ್ತು. ಐವರನ್ನು ತೆಗೆಯಲು ಹೋದರೆ ಹನ್ನೆರಡೂ ಮಂದಿ ಕೈಗೆ ಬಂದರು.

“ಎಂತದಾ ಇದು! ಒಬ್ಬನ್ನ ಹಿಡಿದ್ರೆ ಊರೆಲ್ಲ ಎದ್ದು ಬತ್ತು!”

“ಇಡು ಕೆಳಗೆ. ಹನ್ನೆರಡು ಬಿದ್ರೆ ಎಲ್ಲರನ್ನೂ ಒಯ್ಯಿ. ಇಲ್ಲದಿದ್ರೆ ಒಬ್ಬನನ್ನೂ ಮುಟ್ಟಡ.”

“ಆತು. ಸಂಜೆವರೆಗೆ ಎಸೆದ್ರೆ ಒಂದ್ಸಲ ಬೀಳದೇ ಇರ್ತನಾ?”

ಪ್ರತಿ ಸರದಿಗೂ ಎಸೆದ. ಏಳು, ಒಂಬತ್ತು, ಮೂರು. ನನ್ನವರು ಅಲುಗಾಡುವಂತಿರಲಿಲ್ಲ, ಸುತ್ತ ಬಂದ ಕೆಂಪಂಗಿಗಳನ್ನು ನಿಂತಲ್ಲಿಂದಲೇ ಹೊಡೆದೆ. ಐದೂಕಾಲಿಗೆ ಚೀಲ ಹೆಗಲಿಗೇರಿಸಿದೆ. ಕೊನೆಯ ಎಸೆತಕ್ಕೆ ಶ್ರೀಪಾದ ದಾಳಗಳನ್ನು ಬಾಯಿಗೆ ಹಿಡಿದು ಊದಿದ. ಮೊದಲನೆಯದು ಆರು. ಎರಡನೆಯದು ಉರುಳಿ ಉರುಳಿ ನನ್ನವರ ಕಾಲಿಗೇ ತಾಗಿ ನಿಂತಿತು.

ಐದು.

ಬಸ್‌ಸ್ಟ್ಯಾಂಡಿಗೆ ಅವನೂ ಬಂದ. ನಾನು ಹತ್ತಿ ಕೂತ ಮೇಲೆ ಕಿಟಕಿಯೊಳಗೆ ಎಣ್ಣೆ ಬಾಟಲಿ ಚಾಚಿದ. “ಮನೆಗೆ ಹೋಗಿ ಬಿಡಿಸ್ಕ. ಮುಂದಿನ ವರ್ಷ ನೋಡ್ತೆ.”

ಬಾಟಲಿ ವಾಪಸು ಕೊಟ್ಟೆ. ಅದೇ ಕಂಡಕ್ಟರ್ ಪೆಟ್ಟಿಗೆಗೆ ಕೈಹಾಕಿ, “ಎಂಜಿನ್ ಮ್ಯಾಲೆ ಇಡ್ಲೇನ್ರೀ?” ಎಂದರು.

“ಬೇಡ್ರಿ” ಎಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆರೆದೆ. ಹನ್ನೆರಡೂ ಮಂದಿ ನಿಂತೇ ಇದ್ದರು. ಬಸ್ಸು ಹೊರಟಿತು. ಹಿಂದೆ ತಿರುಗಿ ನೋಡಿದರೆ ಶ್ರೀಪಾದ ಬಾಟಲಿ ಹಿಡಿದು ಇನ್ನೂ ಅಲ್ಲೇ ನಿಂತಿದ್ದ. ಅವನಿಗೆ ಕಾಣುವಂತೆ ಮುದ್ದೆಯನ್ನು ಕಿಟಕಿಯ ಹೊರಗೆ ಎತ್ತಿ ಹಿಡಿದೆ.