ಬಟ್ಟಲಲ್ಲಿಟ್ಟ ಕಣ್ಣು

ಚಳಿಗಾಲದ ಬೆಳಿಗ್ಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವ ಸುಖವನ್ನು ನಾನು ಶತ್ರುವಿಗೂ ಬಯಸುವುದಿಲ್ಲ. ಈಗಿನ ಮೆತ್ತನೆಯ ಲೆನ್ಸುಗಳ ಮಾತು ಬೇರೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಗಟ್ಟಿ ಲೆನ್ಸಿನ ಮಾತು. ಕಿರುಬೆರಳಿನ ಉಗುರಿನಷ್ಟೂ ಇಲ್ಲದ, ರಾತ್ರಿಯಿಡೀ ನೀರಿನಲ್ಲಿ ನೆನೆದು ಮಂಜಿನಷ್ಟು ತಣ್ಣಗಾದ ಆ ಚೂರನ್ನು ಬೆರಳ ತುದಿಯಲ್ಲಿ ಕೂರಿಸಿ, ರೆಪ್ಪೆ ಅಗಲಿಸಿ, ಉಸಿರು ಬಿಗಿಹಿಡಿದು ಕಣ್ಣಿಗೆ ಮುಟ್ಟಿಸಿದರೆ ನೆತ್ತಿಯವರೆಗೂ ಚಳಿ ಏರುತ್ತಿತ್ತು. ಮೊದಲು ಕಣ್ಣೀರು, ಆಮೇಲೆ ಜಗತ್ತು.

ಇಷ್ಟೆಲ್ಲ ತಪಸ್ಸು ಯಾಕೆಂದರೆ, ನನ್ನ ನಂಬರು ಮೈನಸ್ ಎಂಟು, ಮತ್ತು ಅದು ನನ್ನ ಅತ್ತೆಗೆ ಗೊತ್ತಿರಲಿಲ್ಲ. ಹೆಣ್ಣು ನೋಡಲು ಖಾನಾಪುರದಿಂದ ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಗೆ ಬಂದಿದ್ದ ಅವರು, ಚಹಾ ಕೊಡಲು ಬಾಗಿದ ನನ್ನ ಗದ್ದ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿಗಿ ಚಸ್ಮಾ ಏನರ ಐತೇನ್ರಿ?" ಅಪ್ಪ ಒಮ್ಮೆ ಕೆಮ್ಮಿ, "ಇಲ್ರಿ, ಕಣ್ಣ ಛಲೋ ಅದಾವ್ರಿ" ಅಂದುಬಿಟ್ಟರು. ಸುಳ್ಳನ್ನು ಕಣ್ಣೊಳಗೇ ಇಟ್ಟುಕೊಂಡು ಕೂತಿದ್ದ ನಾನು ನೆಲ ನೋಡಿದೆ.

ಮದುವೆಯಾದ ವಾರದಲ್ಲೇ ಗಂಡನಿಗೆ ಹೇಳಿದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ, "ಅವ್ವಗ ಮಾತ್ರ ಹೇಳಬ್ಯಾಡ. ಸುಳ್ಳ ಹೇಳಿ ಬಂದಾಕಿ ಅಂತ ಗೊತ್ತಾದ್ರ ಆಕಿ ನಿನ್ನ ತವರಿಗಿ ಕಳಿಸಾಕ ಹಿಂದ ಮುಂದ ನೋಡಂಗಿಲ್ಲ" ಅಂದರು. ಅವರಿಗೆ ನೌಕರಿ ಬೆಳಗಾವಿಯಲ್ಲಿ, ಬರುವುದು ಶನಿವಾರ. ಉಳಿದ ದಿನವೆಲ್ಲ ಖಾನಾಪುರದ ಆ ಮನೆಯಲ್ಲಿ ಅತ್ತೆ, ನಾನು ಮತ್ತು ನನ್ನ ಗುಟ್ಟು. ಮುರಿದ ಕಡ್ಡಿಗೆ ಕರಿದಾರ ಸುತ್ತಿದ ನನ್ನ ಹಳೆಯ ಚಸ್ಮಾ ಟ್ರಂಕಿನ ತಳದಲ್ಲಿತ್ತು, ಟ್ರಂಕಿನ ಕೀಲಿಕೈ ನನ್ನ ಸೊಂಟದಲ್ಲಿತ್ತು.

ಖಾನಾಪುರದ ಮಂಜು ನೀವು ನೋಡಿದ್ದೀರೋ ಇಲ್ಲವೋ. ಹೊಳೆಯ ಕಡೆಯಿಂದ ಎದ್ದು ಬಂದು ಅಂಗಳದಲ್ಲಿ ನಿಂತರೆ ಎಂಟು ಗಂಟೆಯಾದರೂ ಅಲುಗದು. ರೈಲಿನ ಸದ್ದು ಕೇಳುತ್ತದೆ, ರೈಲು ಕಾಣುವುದಿಲ್ಲ. ಆ ಚಳಿಗಾಲದ ಒಂದು ವಾರ, ಲೆನ್ಸು ನೆನೆಸಿಡುವ ದ್ರಾವಣದ ಬಾಟಲಿ ಶನಿವಾರಕ್ಕೆ ಮೊದಲೇ ಮುಗಿದಿತ್ತು. ಕಾಯಿಸಿ ಆರಿಸಿದ ನೀರನ್ನು ಎರಡು ಪುಟ್ಟ ಬಟ್ಟಲಿಗೆ ಹಾಕಿ, ಎಡಗಣ್ಣಿನದನ್ನು ಎಡಕ್ಕೆ, ಬಲಗಣ್ಣಿನದನ್ನು ಬಲಕ್ಕೆ, ಬೆಳಗಿನ ಜಾವ ಪೂಜೆಯ ಗೂಡಿನಲ್ಲಿ ನಂದಾದೀಪದ ಪಕ್ಕ ಇಡುತ್ತಿದ್ದೆ. ದೀಪದ ಕಾವಿಗೆ ಲೆನ್ಸಿನ ಚಳಿ ಬಿಡಲಿ ಅಂತ. ಅತ್ತೆ ಪೂಜೆಗೆ ಕೂಡುವ ಮೊದಲೇ ತೆಗೆದುಬಿಡುತ್ತಿದ್ದೆ.

ಅಂದು ಅವರು ನನಗಿಂತ ಮೊದಲೇ ಕೂತಿದ್ದರು. ಹಾಲು ಕಾಯಿಸಿ ಬಂದವಳು ಬಾಗಿಲಲ್ಲೇ ನಿಂತೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಬಲಗೈಯಿಂದ ಗೂಡನ್ನು ತಡವಿ, ತಮ್ಮ ನೀರಿನ ಬಟ್ಟಲೆಂದು ನನ್ನ ಬಲಗಣ್ಣನ್ನು ಎತ್ತಿಕೊಂಡರು. ಒಂದು ಕೂಗು ಸಾಕಿತ್ತು. ಆ ಕೂಗಿನ ಹಿಂದೆಯೇ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ನೀರು ಲಿಂಗದ ಮೇಲೆ ಇಳಿಯಿತು. ಅತ್ತೆ ರೆಪ್ಪೆ ಬಡಿಯದೆ ಅದನ್ನೇ ದಿಟ್ಟಿಸಿದರು, ದಿನದ ರೂಢಿಗಿಂತ ಬಹಳ ಹೊತ್ತು. ಅಷ್ಟು ದೂರದಿಂದ ನನ್ನ ಬರಿಗಣ್ಣಿಗೆ ಅವರ ಮುಖವೇ ಕಾಣಬಾರದಿತ್ತು. ಆದರೂ ಆ ಕಪ್ಪು ಲಿಂಗದ ಮೇಲೆ ನನ್ನ ಲೆನ್ಸು ಕೂತದ್ದು, ದೀಪದ ಬೆಳಕಿಗೆ ಅದು ತೇವವಾಗಿ ಮಿನುಗಿದ್ದು ಸ್ಪಷ್ಟವಾಗಿ ಕಂಡಿತು. ಅಂಗೈಯೊಳಗಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಆಮೇಲೆ ಅತ್ತೆ ಅಂಗೈಯನ್ನು ತುಟಿಗೆ ತಂದು ತೀರ್ಥವನ್ನು ಗುಟುಕರಿಸಿದರು.

"ಯವ್ವಾ, ಬಾ ಇಲ್ಲಿ" ಎಂದರು, ತಿರುಗಿಯೂ ನೋಡದೆ. "ಇವತ್ತ ಲಿಂಗದಾಗ ನಿನ್ನ ಮಾರಿ ಬಂದಿತ್ತು. ಚಸ್ಮಾ ಹಾಕ್ಕೊಂಡಿದ್ದಿ. ಒಂದ ಕಡ್ಡಿಗಿ ಕರೀ ದಾರಾ ಸುತ್ತಿತ್ತು."

ನನ್ನ ಕೈ ಸೊಂಟಕ್ಕೆ ಹೋಯಿತು. ಕೀಲಿಕೈ ಇದ್ದಲ್ಲೇ ಇತ್ತು. "ತಪ್ಪಾತ್ರಿ ಅತ್ತಿ" ಅಂದು, ಅಪ್ಪನ ಕೆಮ್ಮಿನಿಂದ ಹಿಡಿದು ಅತ್ತೆ ಆಗಷ್ಟೇ ನುಂಗಿದ ಲೆನ್ಸಿನವರೆಗೆ ಎಲ್ಲ ಒದರಿದೆ. ತವರಿನ ಬಸ್ಸು ಎಷ್ಟು ಗಂಟೆಗೆ ಅಂತ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

"ಹೊಟ್ಟಿಗಿ ಏನರ ಆಕ್ಕೈತೇನ?"

"ಏನೂ ಆಗಂಗಿಲ್ಲರಿ."

"ಆತು ಬಿಡು. ಹೋಗಿ ಚಸ್ಮಾ ಹಾಕ್ಕೊಂಡ ಬಾ."

ಹಾಕಿಕೊಂಡು ಬಂದೆ. ಅವರ ಉಸಿರು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ, ಎದುರಿಗೇ ಕೂತೆ. ಅತ್ತೆ ನನ್ನ ಕಿವಿಯ ಪಕ್ಕದ ಗೋಡೆಯತ್ತ ಮುಖ ಮಾಡಿ ಕೇಳಿದರು: "ಹಾಕ್ಕೊಂಡಿಯೇನ?"

ಎಷ್ಟೋ ವರ್ಷದ ನಂತರ ಬೆಳಗಾವಿಯ ವೈದ್ಯರು, ಅತ್ತೆಯ ಕಣ್ಣಿನ ಒಳಗಿನ ನರ ಎಂದೋ ಒಣಗಿದೆ, ಹೊರಗೆ ಕಣ್ಣು ನಿರ್ಮಲವಾಗಿರುವುದರಿಂದ ಯಾರಿಗೂ ತಿಳಿದಿಲ್ಲ ಅಂದರು. ನನಗೆ ಆ ಬೆಳಿಗ್ಗೆಯೇ ತಿಳಿದಿತ್ತು. ಅತ್ತೆ ಹೆಜ್ಜೆ ಎಣಿಸಿ ಮನೆಯಲ್ಲಿ ಓಡಾಡುತ್ತಿದ್ದರು. ಗೊತ್ತಾದರೆ ಮೂಲೆಗೆ ಕೂರಿಸುತ್ತಾರೆಂದು ಅಂಜಿ, ಮಗನಿಗೂ ಹೇಳಿರಲಿಲ್ಲ. ನನ್ನ ಗದ್ದ ಹಿಡಿದು ಕೇಳಿದ ಆ ಪ್ರಶ್ನೆಯನ್ನು ನಾವು ಪರೀಕ್ಷೆ ಅಂದುಕೊಂಡಿದ್ದೆವು. ಕಾಣದ್ದಕ್ಕೆ ಕೇಳಿದ್ದರು, ಅಷ್ಟೆ. ನನ್ನ ಮುಖವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಹಾಗಾದರೆ ಆ ಕರಿದಾರ? ಎಷ್ಟೋ ಸಲ ಕೇಳಿದ್ದೇನೆ. "ಕಂಡ್ತು, ಹೇಳಿದ್ನಿ" ಅನ್ನುವುದರಾಚೆಗೆ ಅವರು ಏನೂ ಹೇಳಲಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ, ಖರೇ ಹೇಳುತ್ತೇನೆ.

ಆ ವಾರದ ಶನಿವಾರ ನನ್ನ ಗಂಡ ಬಂದು ಪಡಸಾಲೆಯಲ್ಲಿ ಊಟಕ್ಕೆ ಕೂತರು. ಅತ್ತೆ ಅಡುಗೆಮನೆಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಗಿಯಾಗಿ.

"ಐದ ವರ್ಷ ಆತು, ಅಂವನ ಮಾರಿ ನೋಡಿ. ಈಗ ಹೆಂಗ ಕಾಣ್ತಾನ, ಹೇಳು."

ಬಾಗಿಲಿಂದ ನೋಡುತ್ತ, ಹಣೆಯ ಮೇಲೆ ಕೂದಲು ಸ್ವಲ್ಪ ಹಿಂದೆ ಸರಿದಿವೆ ಎಂದೆ, ಕಿವಿಯ ಹತ್ತಿರ ಒಂದೆರಡು ಬೆಳ್ಳಗಾಗಿವೆ ಎಂದೆ. ಅತ್ತೆ ರೆಪ್ಪೆ ಬಡಿಯದೆ ಕೇಳುತ್ತಿದ್ದರು.

"ಸಾವಕಾಶ ಹೇಳ" ಅಂದರು.